ಉಗಾಂಡಾಕ್ಕೆ ಮಿಷನ್ ಸೇವೆಗೆ ಹೊರಟವರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನೂ ನಮ್ಮ ಮನೆಯವರೂ ಮಂಗಳೂರಿನಿಂದ ಹೋಗಿ ಉಗಾಂಡಾದಲ್ಲಿ ಎರಡು ವರ್ಷ ಇದ್ದು ಬಂದೆವು. ಕಂಪಾಲಾದಿಂದ ಪೂರ್ವಕ್ಕೆ ಮುಕೋನೋ ದಾಟಿ ಒಳಗೆ ಹೋದರೆ ಒಂದು ಹಳ್ಳಿ, ಅಲ್ಲಿ ಕ್ರೈಸ್ತ ಸಭೆಯವರು ನಡೆಸುವ ಪ್ರೈಮರಿ ಶಾಲೆ. ನಾನು ಗಣಿತ ಹೇಳಿಕೊಡುತ್ತಿದ್ದೆ. ಅವರು ಪೈಪು, ಸೋಲಾರ್, ಸೋರುವ ಶೀಟು ಇಂಥದ್ದೆಲ್ಲ ನೋಡಿಕೊಳ್ಳುತ್ತಿದ್ದರು. ವಾಪಸ್ ಬಂದಾಗಿನಿಂದ ಹೊರಡುವವರು ಯಾರಾದರೊಬ್ಬರು ಫೋನ್ ಮಾಡುತ್ತಲೇ ಇರುತ್ತಾರೆ. ಸತ್ಯವೇದದ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳುವುದೆಲ್ಲ ಊಟ, ನೀರು, ಸೊಳ್ಳೆ, ದುಡ್ಡು. ಸರಿಯಾದ ಪ್ರಶ್ನೆಗಳೇ. ಉತ್ತರ ಒಂದೇ ಕಡೆ ಇರಲಿ ಅಂತ ಬರೆದಿಟ್ಟಿದ್ದೇನೆ.

ಅಲ್ಲಿ ಈಗಾಗಲೇ ಎಲ್ಲರೂ ಕ್ರೈಸ್ತರೇ ಅಂತೆ. ಮತ್ತೆ ಮಿಷನ್ ಯಾಕೆ?

ಎಲ್ಲರೂ ಅಲ್ಲ, ಆದರೆ ಜಾಸ್ತಿ ಜನ ಹೌದು. 2014ರ ಜನಗಣತಿ ಪ್ರಕಾರ ಕ್ಯಾಥೊಲಿಕರು ಸುಮಾರು ಶೇ. 39, ಆಂಗ್ಲಿಕನ್ನರು ಶೇ. 32, ಮುಸ್ಲಿಮರು ಶೇ. 14ರಷ್ಟು. ಮೊದಲ ಆಂಗ್ಲಿಕನ್ ಮಿಷನರಿಗಳು ಹೋದದ್ದು 1877ರಲ್ಲಿ, ಕ್ಯಾಥೊಲಿಕರು 1879ರಲ್ಲಿ. ಹತ್ತು ವರ್ಷ ಆಗುವ ಮೊದಲೇ, 1885ರಿಂದ 87ರ ನಡುವೆ, ಕಂಪಾಲಾ ಸುತ್ತಲಿನ ಬುಗಾಂಡಾ ರಾಜ್ಯದ ರಾಜ ಮ್ವಾಂಗಾನ ಆಜ್ಞೆಯ ಮೇಲೆ 45 ಕ್ರೈಸ್ತರನ್ನು ಕೊಂದರು. ಅವರಲ್ಲಿ 22 ಮಂದಿ ಕ್ಯಾಥೊಲಿಕರು, 23 ಮಂದಿ ಆಂಗ್ಲಿಕನ್ನರು. ಅವರಲ್ಲಿ ಹಲವರನ್ನು ಕೊಂದ ಜಾಗ ನಮುಗೊಂಗೊ. ಅವರ ನೆನಪಿಗೆ ಜೂನ್ 3ಕ್ಕೆ ಅಲ್ಲಿಗೆ ಜನ ದಿನಗಟ್ಟಲೆ ನಡೆದುಕೊಂಡು ಬರುತ್ತಾರೆ. ಅಂಥ ಊರಿನವರಿಗೆ ವಿಶ್ವಾಸ ಅಂದರೇನು ಅಂತ ಹೇಳಿಕೊಡಲು ನಾವು ಯಾರು? ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೇ "ನೀವು ರಕ್ಷಣೆ ಹೊಂದಿದ್ದೀರಾ?" ಅಂತ ನನ್ನನ್ನು ಕೇಳಿದ್ದುಂಟು, ಟಿಕೆಟ್ ತೆಗೆದುಕೊಂಡಿರಾ ಅಂತ ಕೇಳುವಷ್ಟೇ ಸಲೀಸಾಗಿ.

ನೀವು ಹೋಗುವುದು ಅವರ ಕೆಲಸಕ್ಕೆ ಒಂದು ಕೈ ಸೇರಿಸುವುದಕ್ಕೆ. ಮೊದಲ ಮೂರು ತಿಂಗಳು ಆ ಕೈಯೂ ಹೆಚ್ಚೇನೂ ಉಪಯೋಗಕ್ಕೆ ಬರುವುದಿಲ್ಲ. ನೀರು ಕಾಯಿಸುವುದು, ನಮಸ್ಕಾರ ಹೇಳುವುದು, ಅಂಗಡಿಗೆ ಹೋಗುವುದು ಎಲ್ಲವನ್ನೂ ಅವರೇ ನಿಮಗೆ ಕಲಿಸಬೇಕು. ಇದನ್ನು ಒಪ್ಪಿಕೊಂಡು ಹೊರಟರೆ ಅರ್ಧ ಕಷ್ಟ ಇಲ್ಲಿಯೇ ಕಳೆಯಿತು.

ವೀಸಾ, ಇಂಜೆಕ್ಷನ್ ಎಲ್ಲ ಏನೇನು?

ವೀಸಾ ಆನ್‌ಲೈನ್‌ನಲ್ಲಿ ಆಗುತ್ತದೆ. ಪ್ರವಾಸಿ ವೀಸಾದಲ್ಲಿ ಹೋಗಿ ಶಾಲೆಯಲ್ಲಿ ಪಾಠ ಮಾಡಬೇಡಿ. ಸೇವೆ, ಸಂಬಳ ಇಲ್ಲದ ಕೆಲಸ, ಯಾವುದಾದರೂ ಅದಕ್ಕೆ ಬೇರೆ ಪರವಾನಗಿ ಬೇಕು, ಅದನ್ನು ಕರೆಸಿಕೊಳ್ಳುವ ಸಭೆಯವರೇ ಅಲ್ಲಿ ಅರ್ಜಿ ಹಾಕಿ ಮಾಡಿಸಬೇಕು. "ಬನ್ನಿ, ಆಮೇಲೆ ನೋಡೋಣ" ಅಂದರೆ ಹೊರಡಬೇಡಿ.

ಯೆಲ್ಲೋ ಫೀವರ್ ಲಸಿಕೆ ಕಡ್ಡಾಯ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹೊರಡುವ 10 ದಿನ ಮೊದಲಾದರೂ ಹಾಕಿಸಿರಬೇಕು. ಅವರು ಕೊಡುವ ಹಳದಿ ಪುಸ್ತಕ ಪಾಸ್‌ಪೋರ್ಟಿನಷ್ಟೇ ಮುಖ್ಯ. ಅದಿಲ್ಲದೆ ಇಂಡಿಯಾಕ್ಕೆ ವಾಪಸ್ ಬಂದರೆ ನಮ್ಮವರೇ 6 ದಿನದವರೆಗೆ ಕ್ವಾರಂಟೀನ್‌ನಲ್ಲಿ ಕೂರಿಸುತ್ತಾರೆ.

ಮಲೇರಿಯಾ? ನಾವು ಮಂಗಳೂರಿನವರು, ನಮಗೆ ಅಭ್ಯಾಸ ಇದೆ

ಈ ಮಾತನ್ನು ನಾನೂ ಆಡಿದ್ದೆ. ನಮ್ಮ ಊರಿನಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ. ಅಲ್ಲಿ ಬಹುತೇಕ ಫಾಲ್ಸಿಪಾರಮ್, ಎರಡು ಮೂರು ದಿನದಲ್ಲಿ ಜೀವಕ್ಕೇ ಬರಬಹುದು. ಜ್ವರ ಬಂದ ದಿನವೇ ರಕ್ತ ಪರೀಕ್ಷೆ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಮೊದಲೇ ನುಂಗುವ ಮಾತ್ರೆ ಬಗ್ಗೆ ಇಲ್ಲಿಯೇ ಡಾಕ್ಟರ ಹತ್ತಿರ ಮಾತಾಡಿ. ಸೊಳ್ಳೆಪರದೆಯೊಳಗೇ ಮಲಗಿ, ಸೆಖೆ ಅಂತ ಕಾಲು ಹೊರಗೆ ಹಾಕಬೇಡಿ. ಒಂದು ಸಲ ಒಂದು ಕ್ಲಿನಿಕ್‌ನಲ್ಲಿ ಪರೀಕ್ಷೆಯನ್ನೇ ಮಾಡದೆ ನನಗೆ ಮಲೇರಿಯಾ ಮಾತ್ರೆ ಕಟ್ಟಿಕೊಟ್ಟರು. ಬೇರೆ ಕಡೆ ಪರೀಕ್ಷೆ ಮಾಡಿಸಿದರೆ ಮಲೇರಿಯಾ ಇರಲೇ ಇಲ್ಲ, ಟೈಫಾಯಿಡ್. ಆಮೇಲಿಂದ ರಿಪೋರ್ಟ್ ಕಣ್ಣಾರೆ ನೋಡದೆ ಮಾತ್ರೆ ನುಂಗಿಲ್ಲ.

ವಿಕ್ಟೋರಿಯಾ ಸರೋವರ ನೋಡಲು ಸಮುದ್ರದ ಹಾಗೇ ಇದೆ. ಪಣಂಬೂರು ಅಂದುಕೊಂಡು ಇಳಿಯಬೇಡಿ. ಬಿಲ್‌ಹಾರ್ಜಿಯಾ ಅನ್ನುವ ಹುಳು ಚರ್ಮದ ಮೂಲಕ ಒಳಗೆ ಹೋಗುತ್ತದೆ.

ಬಟ್ಟೆಗೆಲ್ಲ ಇಸ್ತ್ರಿ ಹಾಕಲೇಬೇಕಾ?

ಹಾಕಲೇಬೇಕು, ಒಳಬಟ್ಟೆಗೂ. ಅಲ್ಲಿ ಮ್ಯಾಂಗೊ ಫ್ಲೈ ಅಂತ ಒಂದು ನೊಣ ಇದೆ. ಹೊರಗೆ ಒಣಗಲು ಹಾಕಿದ ಒದ್ದೆ ಬಟ್ಟೆ ಮೇಲೆ ಮೊಟ್ಟೆ ಇಡುತ್ತದೆ. ಆ ಬಟ್ಟೆ ಹಾಕಿಕೊಂಡರೆ ಮರಿಹುಳು ಚರ್ಮದೊಳಗೆ ಸೇರಿಕೊಂಡು ಕುರು ಆಗುತ್ತದೆ. ನಮ್ಮ ಮನೆಯವರು "ಇಸ್ತ್ರಿ ಎಲ್ಲ ಶೋಕಿ" ಅಂದವರು. ಎರಡನೇ ತಿಂಗಳಿಗೆ ಸೊಂಟದ ಪಟ್ಟಿ ಬರುವ ಜಾಗದಲ್ಲೇ ಸಾಲಾಗಿ ಮೂರು ಕುರು ಎದ್ದವು. ಪಕ್ಕದ ಮನೆಯ ಅಜ್ಜಿ ನೋಡಿ ನಕ್ಕು, ಮೇಲೆ ವ್ಯಾಸಲೀನ್ ಮೆತ್ತಿ, ಗಾಳಿಗೆ ಹುಳು ಹೊರಗೆ ಇಣುಕುವ ತನಕ ಕಾದು ಹಿಸುಕಿ ತೆಗೆದರು. ಅಕ್ಕಿಕಾಳಿನಷ್ಟು ದಪ್ಪ, ಬೆಳ್ಳಗೆ, ಜೀವಂತ. ಅವತ್ತಿನಿಂದ ಇದ್ದಿಲ ಇಸ್ತ್ರಿಪೆಟ್ಟಿಗೆ ಅವರದೇ ಡ್ಯೂಟಿ.

ಭಾಷೆ ಕಲಿಯಬೇಕಾ? ಇಂಗ್ಲಿಷ್ ನಡೆಯುತ್ತದಲ್ಲ?

ನಡೆಯುತ್ತದೆ. ಆಫೀಸು, ಶಾಲೆ, ಬ್ಯಾಂಕು ಎಲ್ಲ ಇಂಗ್ಲಿಷೇ. ಆದರೆ ನೀವು ಅಲ್ಲಿನವರ ಅಡುಗೆಮನೆಯೊಳಗೆ ಹೋಗುವುದು ಆ ಭಾಗದ ಭಾಷೆ ಲುಗಾಂಡಾ ಬಂದ ಮೇಲೆಯೇ.

ನಮ್ಮ ಊರಿನ ಕಥೆಯೇ ನೋಡಿ. ಬಾಸೆಲ್ ಮಿಷನ್‌ನ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೋಗ್ಲಿಂಗ್ 1843ರಲ್ಲಿ ಕನ್ನಡದಲ್ಲೇ ಪತ್ರಿಕೆ ತೆಗೆದರು. ಕಿಟ್ಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಲವತ್ತೊಂದು ವರ್ಷ! ಅವರ ಧರ್ಮದ ಮಾತು ನೆನಪಿಲ್ಲದವರಿಗೂ ಆ ನಿಘಂಟು ಗೊತ್ತು. ನಿಮಗೆ ಇರುವುದು ಎರಡು ವರ್ಷವೋ ಆರು ತಿಂಗಳೋ, ನಿಘಂಟು ಯಾರೂ ಕೇಳುತ್ತಿಲ್ಲ. ನೂರು ಪದ ಕಲಿಯಿರಿ.

ಶುರು ಮಾಡುವುದು ನಮಸ್ಕಾರದಿಂದ. ಬೆಳಿಗ್ಗೆ "ವಾಸೂಜೆ ಓಟ್ಯಾ", ಅಂದರೆ ರಾತ್ರಿ ಹೇಗೆ ಕಳೆಯಿತು. ಗಂಡಸರಿಗೆ "ಸೆಬೋ", ಹೆಂಗಸರಿಗೆ "ನ್ಯಾಬೋ" ಅಂತ ಸೇರಿಸಬೇಕು. ಥ್ಯಾಂಕ್ಸ್‌ಗೆ "ವೆಬಾಲೆ". ನನಗೆ ತುಂಬ ಇಷ್ಟವಾದದ್ದು "ಜೆಬಾಲೆ ಕೋ". ಕೆಲಸ ಮಾಡುತ್ತಿರುವ ಯಾರನ್ನು ಕಂಡರೂ ಹೇಳಬೇಕು, ನೀವು ಮಾಡುತ್ತಿರುವ ಕೆಲಸಕ್ಕೆ ವಂದನೆ ಅನ್ನುವ ಅರ್ಥ. ಗುಡಿಸುವವರಿಗೆ, ಅಗೆಯುವವರಿಗೆ, ಸುಮ್ನೆ ನೀರು ಹೊತ್ತು ಹೋಗುವ ಮಗುವಿಗೂ. ಕನ್ನಡದಲ್ಲಿ ಇದಕ್ಕೆ ಏನು ಹೇಳುತ್ತೇವೆ? ನಾನು ಎಷ್ಟು ಯೋಚಿಸಿದರೂ "ಏನು, ಕೆಲಸ ಜೋರಾ?" ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಅಂಗಡಿಗೆ ಹೋಗಿ ನೇರವಾಗಿ "ಟೊಮೆಟೊ ಎಷ್ಟು" ಅಂತ ಕೇಳಿದರೆ ಅದು ಒರಟುತನ. ಮೊದಲು ರಾತ್ರಿ ಹೇಗಿತ್ತು, ಮನೆಯಲ್ಲಿ ಹೇಗಿದ್ದಾರೆ, ಆಮೇಲೆ ಟೊಮೆಟೊ.

ಹೊತ್ತಿನ ಲೆಕ್ಕ ಬೇರೆ ಅಂತಾರಲ್ಲ, ಏನದು?

ಭೂಮಧ್ಯರೇಖೆ ಹತ್ತಿರವೇ ಇರುವುದರಿಂದ ವರ್ಷವಿಡೀ ಸೂರ್ಯ ಹುಟ್ಟುವುದು, ಮುಳುಗುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಾಗಾಗಿ ಲುಗಾಂಡಾದಲ್ಲಿ ಗಂಟೆ ಎಣಿಸುವುದು ಬೆಳಗಿನಿಂದ. ನಮ್ಮ 7 ಗಂಟೆ ಅವರಿಗೆ ಒಂದನೇ ಗಂಟೆ, 8 ಅಂದರೆ ಎರಡನೇದು. ನಮ್ಮ ಗಡಿಯಾರದಿಂದ 6 ಕಳೆದರೆ ಆಯಿತು.

ನಾನು ಎರಡು ತಿಂಗಳು ಅಂಕಿ ಕಲಿತು ಬೀಗುತ್ತಿದ್ದ ಹೊತ್ತಿಗೆ ಒಬ್ಬ ಟೀಚರ್ ತಮ್ಮ ಅಕ್ಕನ ಮದುವೆಗೆ ಕರೆದರು. "ಸಾವ ನ್ಯಾ" ಅಂದರು. ನ್ಯಾ ಅಂದರೆ ನಾಲ್ಕು, ಅದು ನನಗೆ ಗೊತ್ತು. ಸಂಜೆ ನಾಲ್ಕಕ್ಕೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಸಿಗದೆ ಯಾವುದೋ ಬಿಳಿ ಹೂ ಮುಡಿದು ಹೋದರೆ ಚರ್ಚಿನಲ್ಲಿ ಒಬ್ಬ ಹುಡುಗ ಬೆಂಚು ಒರೆಸುತ್ತಿದ್ದ. ಮದುವೆ ಬೆಳಿಗ್ಗೆ ಹತ್ತಕ್ಕೇ ಆಗಿತ್ತು. ಏನು ಮಾಡಲಿ, "ಜೆಬಾಲೆ ಕೋ" ಅಂದು ಮನೆಗೆ ಬಂದೆ.

ಊಟಕ್ಕೆ ಏನು ಮಾಡುವುದು?

ಇದಕ್ಕೆ ಉದ್ದ ಉತ್ತರ ಇದೆ, ಕ್ಷಮಿಸಿ.

ಆ ಭಾಗದಲ್ಲಿ ಮುಖ್ಯ ಊಟ ಮಟೋಕೆ. ಹಸಿ ಬಾಳೆಕಾಯಿ ಸುಲಿದು, ಬಾಳೆ ಎಲೆಯಲ್ಲಿ ಕಟ್ಟಿ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿ, ಎಲೆ ಸಮೇತ ಒತ್ತಿ ಮೆತ್ತಗೆ ಮಾಡುತ್ತಾರೆ. ಬಾಳೆ ಎಲೆಯ ಬಿಸಿ ವಾಸನೆ ಬಂದ ಕೂಡಲೇ ನನಗೆ ಪತ್ರೊಡೆ, ಕಡುಬು ನೆನಪಾಗಿ ಬಾಯಲ್ಲಿ ನೀರು ಬಂತು. ಬಾಯಿಗೆ ಹಾಕಿದರೆ ಉಪ್ಪಿಲ್ಲ, ಖಾರ ಇಲ್ಲ. ಜೊತೆಗೆ ನಸುಗೆಂಪು ಬಣ್ಣದ ಕಡಲೆಕಾಯಿ ಗೊಜ್ಜು. ಮೊದಲ ವಾರ ಅಳು ಬಂತು. ಆರನೇ ವಾರ ನಾನೇ ಕೇಳಿ ಬಡಿಸಿಕೊಂಡೆ.

ಪಕ್ಕದ ಮನೆ ಅಜ್ಜಿ ಅಂದೆನಲ್ಲ, ಅವರನ್ನು ಊರೆಲ್ಲ "ಜಾಜಾ" ಅನ್ನುತ್ತಿತ್ತು. ಜಾಜಾ ಅಂದರೆ ಅಜ್ಜಿಯೂ ಹೌದು, ಅಜ್ಜನೂ ಹೌದು. ಅವರ ಅಂಗಳದಲ್ಲಿ ಕೂತು ಸುಲಿಯಲು ಕಲಿತೆ. ಕತ್ತಿಯನ್ನು ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಎಳೆದು ಸಿಪ್ಪೆ ಬೀಳಿಸುತ್ತಾರೆ, ನೋಡದೆಯೇ, ಬಾಯಲ್ಲಿ ಊರ ಸುದ್ದಿ ಹೇಳುತ್ತಾ. ನಾನು ಒಂದು ಕಾಯಿ ಮುಗಿಸುವುದರೊಳಗೆ ಅವರದು ಐದು. ಬಾಳೆಕಾಯಿ ಸೊನೆ ಬಿದ್ದರೆ ಬಟ್ಟೆ ಕಥೆ ಮುಗಿಯಿತು ಅಂತ ನಮಗೂ ಗೊತ್ತಲ್ವಾ, ಅದಕ್ಕೇ ಹಳೆ ಲುಂಗಿ ಒಂದು ತೊಡೆ ಮೇಲೆ ಹಾಸಿಕೊಂಡು ಕೂರುತ್ತಿದ್ದೆ.

ಶಾಲೆಯಲ್ಲಿ ಮಕ್ಕಳಿಗೆ ದಿನಾ ಪೋಷೋ ಮತ್ತು ಬೀನ್ಸ್. ಪೋಷೋ ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮುದ್ದೆ ಅಂದ ಮೇಲೆ ಇದನ್ನು ಹೇಳಲೇಬೇಕು. ಅಡುಗೆಯವರು ಅಂಕೋಲೆಯವರು. ನಮ್ಮ ಕಾರವಾರ ಕಡೆಯ ಅಂಕೋಲಾ ಅಲ್ಲ, ಉಗಾಂಡಾದ ಪಶ್ಚಿಮದಲ್ಲಿ ಅಂಕೋಲೆ ಅಂತಲೇ ಇದೆ. ಅವರು ಒಂದು ದಿನ ತಮ್ಮ ಊರಿನ ಕಾಲೋ ಮಾಡಿ ಪುಟ್ಟ ಬುಟ್ಟಿಯಲ್ಲಿಟ್ಟು ತಂದರು. ಮುಚ್ಚಳ ತೆಗೆದರೆ ರಾಗಿ ಮುದ್ದೆ! ಸ್ವಲ್ಪ ಮರಗೆಣಸಿನ ಹಿಟ್ಟು ಸೇರಿಸಿದ್ದರು, ಅಷ್ಟೇ ವ್ಯತ್ಯಾಸ. ನಮ್ಮ ಮನೆಯವರ ತಾಯಿ ಹಾಸನದವರು, ಇವರು ಚಿಕ್ಕಂದಿನಿಂದ ಮುದ್ದೆ ತಿಂದವರು, ಬುಟ್ಟಿ ಕೆಳಗಿಡಲಿಲ್ಲ. ರಾಗಿಯ ಮೂಲವೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆ ಬಂದದ್ದು. ಅಡುಗೆಯವರಿಗೆ "ನಮ್ಮ ಊರಲ್ಲೂ ಇದೇ ಊಟ" ಅಂದರೆ ಅವರು ನಂಬಲೇ ಇಲ್ಲ. ಇಂಡಿಯನ್ನರು ತಿನ್ನುವುದು ಚಪಾತಿ ಅಂತ ಅವರ ವಾದ.

ಚಪಾತಿ ಅಲ್ಲಿ ಬೀದಿಬೀದಿಯಲ್ಲಿದೆ. ಮೊಟ್ಟೆ ಆಮ್ಲೆಟ್ ಮಾಡಿ ಚಪಾತಿಯೊಳಗೆ ಸುತ್ತಿ ಕೊಟ್ಟರೆ ಅದರ ಹೆಸರು ರೋಲೆಕ್ಸ್. ವಾಚಿಗೂ ಅದಕ್ಕೂ ಸಂಬಂಧ ಇಲ್ಲ, "ರೋಲ್ಡ್ ಎಗ್ಸ್" ಹೋಗಿ ಹಾಗಾಯಿತು.

ಮೀನು ಸರೋವರದ್ದು, ತಿಲಾಪಿಯಾ ಚೆನ್ನಾಗಿರುತ್ತದೆ. ಬಂಗುಡೆ, ಬೂತಾಯಿ ಮರೆತುಬಿಡಿ. ತೆಂಗಿನಕಾಯಿ ಸಿಗುತ್ತದೆ ಆದರೆ ದುಬಾರಿ, ಕರಾವಳಿಯಿಂದ ಬರಬೇಕಲ್ಲ. ನಾನು ತೆಂಗಿನ ಬದಲು ಕಡಲೆಕಾಯಿ ಅರೆದು ಹಾಕಿ ಮೀನು ಸಾರು ಮಾಡಲು ಶುರು ಮಾಡಿದೆ. ಅಮ್ಮನಿಗೆ ಹೇಳಿದರೆ ಬೈಯುತ್ತಾರೆ, ಆದರೆ ನಿಜವಾಗಿ ರುಚಿ ಚೆನ್ನಾಗಿತ್ತು.

ಲಗೇಜಿನಲ್ಲಿ ಏನು ಹಾಕಿಕೊಳ್ಳಲಿ?

ಬೇಳೆ, ಗೋಧಿ ಹಿಟ್ಟು, ಸಾಸಿವೆ, ಜೀರಿಗೆ ಎಲ್ಲ ಕಂಪಾಲಾದ ಇಂಡಿಯನ್ ಅಂಗಡಿಗಳಲ್ಲಿವೆ, ಹೊರಬೇಡಿ. ಸಾರಿನ ಪುಡಿ, ಹುಳಿ, ಪುಟ್ಟ ಕುಕ್ಕರ್, ಒಂದು ಟಾರ್ಚು, ನಿಮ್ಮ ಮಾಮೂಲಿ ಮಾತ್ರೆಗಳು, ಚದರ ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್. ಒಂದು ಸ್ವೆಟರ್ ಕೂಡ. ಆಫ್ರಿಕಾ ಅಂದರೆ ಬೆಂಕಿ ಬಿಸಿಲು ಅಂದುಕೊಂಡಿದ್ದೆ, ಕಂಪಾಲಾ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಮಳೆ ಬಂದ ಸಂಜೆ ಮಡಿಕೇರಿ ಥರ.

ನಾನು ಹೊತ್ತ ಅತ್ಯಂತ ದಂಡದ ಸಾಮಾನು ಮಡಚುವ ತುರಿಮಣೆ. ಎರಡು ಕಿಲೋ ಲಗೇಜು ತಿಂದಿತು. ಎರಡು ವರ್ಷದಲ್ಲಿ ಒಡೆದ ಕಾಯಿ ಹತ್ತೂ ಇಲ್ಲ.

ದುಡ್ಡು, ಫೋನು, ಕರೆಂಟು?

ಡಾಲರ್ ಒಯ್ಯಿರಿ, 100ರ ಹೊಸ ನೋಟುಗಳು. ಹಳೆಯ ಇಸವಿಯ ನೋಟು, ಮಡಚಿ ಕೊಳೆಯಾದದ್ದು ತೆಗೆದುಕೊಳ್ಳುವುದಿಲ್ಲ, ಚಿಕ್ಕ ನೋಟಿಗೆ ರೇಟು ಕಡಿಮೆ. ಒಂದು ರೂಪಾಯಿಗೆ ಸುಮಾರು 40 ಶಿಲ್ಲಿಂಗ್ ಅಂತ ಲೆಕ್ಕ ಇಟ್ಟುಕೊಳ್ಳಿ. ದೊಡ್ಡ ನೋಟು 50,000ದ್ದು. ಮೊದಲ ದಿನ ಲಕ್ಷಾಧಿಪತಿ ಆದ ಹಾಗಿರುತ್ತದೆ, ಸಾಯಂಕಾಲಕ್ಕೆ ಇಳಿಯುತ್ತದೆ.

ಪಾಸ್‌ಪೋರ್ಟ್ ತೋರಿಸಿ ಸಿಮ್ ತೆಗೆದುಕೊಳ್ಳಿ, ಎಂಟಿಎನ್ ಅಥವಾ ನಮ್ಮ ಏರ್‌ಟೆಲ್ಲೇ ಅಲ್ಲೂ ಇದೆ. ಮೊಬೈಲ್ ಮನಿ ಮಾಡಿಸಿಕೊಳ್ಳಿ, ತರಕಾರಿಯವರಿಗೂ ಅದರಲ್ಲೇ ಕೊಡುತ್ತಾರೆ. ಕರೆಂಟು ಪ್ರೀಪೇಯ್ಡ್. ಮೊಬೈಲ್‌ನಲ್ಲಿ ದುಡ್ಡು ಕಟ್ಟಿದರೆ 20 ಅಂಕಿಯ ನಂಬರ್ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ಆ ಮೀಟರಿನ ಹೆಸರು "ಯಾಕಾ". ಲುಗಾಂಡಾದಲ್ಲಿ ಹೊತ್ತಿಕೋ, ಬೆಳಕಾಗು ಅನ್ನುವ ಅರ್ಥ. ರಾತ್ರಿ ಎಂಟಕ್ಕೆ ದೀಪ ಹೋಗಿ, ಯಾರಾದರೂ "ಯಾಕಾ!" ಅಂತ ಕೂಗಿದರೆ ನಾವಿಬ್ಬರು ಮಾತ್ರ ಕತ್ತಲಲ್ಲಿ ನಗುತ್ತಿದ್ದೆವು.

ನೀರು 20 ಲೀಟರಿನ ಹಳದಿ ಜೆರಿಕ್ಯಾನ್‌ನಲ್ಲಿ ಬೋರ್‌ವೆಲ್‌ನಿಂದ. ಎರಡು ಕ್ಯಾನಿನಲ್ಲಿ ಇಡೀ ದಿನ ಕಳೆಯುವುದು ಒಂದು ವಾರದಲ್ಲಿ ಬಂದುಬಿಡುತ್ತದೆ. ಕುಡಿಯುವುದನ್ನು ಕುದಿಸಿ.

ಇಂಡಿಯನ್ನರನ್ನು ಹೇಗೆ ನೋಡುತ್ತಾರೆ?

"ಮುಯಿಂಡಿ" ಅನ್ನುತ್ತಾರೆ, ಬೈಗುಳ ಅಲ್ಲ. ಆದರೆ ನಿಮ್ಮನ್ನು ಕಂಡ ಕೂಡಲೇ ಅಂಗಡಿ ಯಾವುದು ಅಂತ ಕೇಳುತ್ತಾರೆ. 1896ರಿಂದ 1901ರವರೆಗೆ ರೈಲು ಹಳಿ ಹಾಕಲು ಬ್ರಿಟಿಷರು ಇಂಡಿಯಾದಿಂದ ಸುಮಾರು 32,000 ಮಂದಿಯನ್ನು ಪೂರ್ವ ಆಫ್ರಿಕಾಕ್ಕೆ ಕರೆಸಿದ್ದರು, ಹಿಂದೆಯೇ ವ್ಯಾಪಾರಿಗಳು ಹೋದರು. 1972ರಲ್ಲಿ ಆಗಿನ ಸರ್ವಾಧಿಕಾರಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಹೆಚ್ಚುಕಡಿಮೆ ಎಲ್ಲರನ್ನೂ ಓಡಿಸಿದ. ತೊಂಬತ್ತರ ದಶಕದಲ್ಲಿ ಕೆಲವರು ವಾಪಸ್ ಬಂದರು. ಹಳಬರಿಗೆ ಎರಡೂ ಕಾಲ ನೆನಪಿದೆ. ಕೆಲವರು ಬೇಸರದಿಂದ ಹೇಳುತ್ತಾರೆ, ಕೆಲವರು ಇಂಡಿಯನ್ ಧಣಿ ಕಡಿಮೆ ಕೂಲಿ ಕೊಟ್ಟದ್ದನ್ನೂ ಹೇಳುತ್ತಾರೆ. ವಾದ ಮಾಡಬೇಡಿ, ಕೇಳಿಸಿಕೊಳ್ಳಿ.

ಒಳ್ಳೆಯ ಕೊಂಡಿಯೂ ಒಂದಿದೆ. ಅಲ್ಲಿನ ಹೆಂಗಸರು ಹಬ್ಬಕ್ಕೆ ಉಡುವ, ಭುಜದಲ್ಲಿ ಚೂಪಾಗಿ ಎದ್ದು ನಿಲ್ಲುವ ಉಡುಪಿಗೆ ಗೊಮೇಸಿ ಅನ್ನುತ್ತಾರೆ. ಗೋವಾದಿಂದ ಹೋದ ಗೋಮ್ಸ್ ಅನ್ನುವ ದರ್ಜಿಯ ಹೆಸರು ಅದು. ಸೀರೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ ಹೆಂಗಸರಿಗೆ "ನಿಮ್ಮ ಉಡುಪನ್ನೂ ನಮ್ಮ ಕಡೆಯವರೇ ಹೊಲಿದದ್ದು" ಅಂತ ನಾನು ಜಂಬ ಕೊಚ್ಚಿಕೊಂಡದ್ದುಂಟು.

ಮಕ್ಕಳು ಮಂಡಿಯೂರಿ ಮಾತಾಡುತ್ತಾರಂತೆ, ಮುಜುಗರ ಆಗುವುದಿಲ್ಲವಾ?

ಆಗುತ್ತದೆ. ಹುಡುಗಿಯರು ದೊಡ್ಡವರನ್ನು ಮಾತಾಡಿಸುವಾಗ ಮಂಡಿಯೂರುತ್ತಾರೆ, ಬುಗಾಂಡಾದ ಪದ್ಧತಿ. ಮೊದಲ ದಿನ ನಾನು "ಏಳಮ್ಮ, ಏಳು" ಅಂತ ಎಬ್ಬಿಸಿದೆ, ಮಗು ಏನೋ ತಪ್ಪು ಮಾಡಿದೆ ಅಂದುಕೊಂಡು ಅತ್ತಿತು. ನಮ್ಮಲ್ಲಿ ಹಿರಿಯರ ಕಾಲಿಗೆ ಬೀಳುವುದಿಲ್ಲವಾ, ಹಾಗೆ. ಬದಲಾಯಿಸಬೇಕು ಅನ್ನಿಸಿದರೆ ಅವರೇ ಬದಲಾಯಿಸುತ್ತಾರೆ.

ಭಾನುವಾರದ ಆರಾಧನೆ ಎಷ್ಟು ಹೊತ್ತು?

ತಿಂಡಿ ತಿಂದು ಹೋಗಿ. ನಮ್ಮ ಸಭೆಯಲ್ಲಿ ಮೂರು ಗಂಟೆಗೆ ಕಡಿಮೆ ಇರುತ್ತಿರಲಿಲ್ಲ. ದುಡ್ಡಿಲ್ಲದವರು ಕಾಣಿಕೆಗೆ ಬೆಳೆದದ್ದನ್ನು ತರುತ್ತಾರೆ. ಮೊಟ್ಟೆ, ಅನಾನಸ್, ಕಬ್ಬು, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಏಲಂ ಹಾಕುತ್ತಾರೆ. ನಮ್ಮಲ್ಲಿ ಸುಗ್ಗಿ ಹಬ್ಬದ ಏಲಂ ವರ್ಷಕ್ಕೊಮ್ಮೆ, ಅಲ್ಲಿ ವಾರವಾರ.

ಒಂದು ಸಲ ಯಾರೋ ಎಳೆ ಹಲಸಿನಕಾಯಿ ತಂದಿದ್ದರು, ಗಾಳಿಗೆ ಬಿದ್ದದ್ದಿರಬೇಕು. ಯಾರೂ ಕೂಗುತ್ತಿಲ್ಲ. ಅಲ್ಲಿ ಹಲಸು ಹಣ್ಣಾದ ಮೇಲೆ ತಿನ್ನುತ್ತಾರೆ, ಕಾಯಿ ಯಾರಿಗೆ ಬೇಕು? ನಾನು ಸಾವಿರ ಶಿಲ್ಲಿಂಗ್ ಅಂದೆ. ಇಡೀ ಸಭೆ ತಿರುಗಿ ನೋಡಿತು, ಪಾಪ ಹೊಸಬರು, ಗೊತ್ತಾಗಿಲ್ಲ ಅನ್ನುವ ಹಾಗೆ. ಪಾದ್ರಿಯವರೇ ಮೆಲ್ಲಗೆ "ಮುಕ್ಯಾಲಾ (ಅಂದರೆ ಅಮ್ಮಾವ್ರೇ), ಅದು ಕಾಯಿ" ಅಂದರು. ಮನೆಗೆ ತಂದು ಗುಜ್ಜೆ ಪಲ್ಯ ಮಾಡಿ ಸಂಜೆ ಪಾದ್ರಿಯವರ ಮನೆಗೆ ಕೊಟ್ಟು ಬಂದೆ. ಯಾವ ಮಾಂಸ ಅಂತ ಕೇಳಿದರು. ಎರಡು ವರ್ಷದಲ್ಲಿ ನಾನು ಆ ಊರಿಗೆ ಕಲಿಸಿದ್ದು ಭಿನ್ನರಾಶಿ ಮತ್ತು ಗುಜ್ಜೆ ಪಲ್ಯ. ಭಿನ್ನರಾಶಿ ಎಷ್ಟು ಉಳಿದಿದೆಯೋ ನೋಡಬೇಕು.

ಜನ ದುಡ್ಡು ಕೇಳಿದರೆ?

ಕೇಳುತ್ತಾರೆ. ಶಾಲೆಯ ಮೂರು ಟರ್ಮಿಗೆ ಮೂರು ಸಲ ಫೀಸು, ಎಲ್ಲರಿಗೂ ಕಷ್ಟ. ಒಂದು ಮಗುವಿನ ಫೀಸನ್ನು ನಾನು ಗುಟ್ಟಾಗಿ ಕಟ್ಟಿದೆ. ಮಾರನೇ ಬೆಳಿಗ್ಗೆ ಬಾಗಿಲು ತೆಗೆದರೆ ಒಂಬತ್ತು ತಾಯಂದಿರು ಕೂತಿದ್ದಾರೆ. ಯಾರೂ ಗಲಾಟೆ ಮಾಡಲಿಲ್ಲ, ಸುಮ್ನೆ ಕೂತಿದ್ದರು, ಅದೇ ಕಷ್ಟವಾದದ್ದು. ಅವರಲ್ಲಿ ನಾಲ್ವರ ಮನೆ ಸ್ಥಿತಿ ನಾನು ಕೊಟ್ಟ ಮನೆಗಿಂತ ಕೆಟ್ಟದಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಯಾರಿಗೆ ನಿಜವಾಗಿ ಬೇಕು ಅಂತ ಸಭೆಯ ಹಿರಿಯರಿಗೆ ಗೊತ್ತು, ಹೊಸಬರಿಗೆ ಗೊತ್ತಿರುವುದಿಲ್ಲ. ಅವರ ಕೈಯಲ್ಲಿ ಕೊಡಿ, ನಿಮ್ಮ ಹೆಸರು ಬೇಡ ಅನ್ನಿ.

ಮಕ್ಕಳ ಫೋಟೊ ತೆಗೆದು ಊರಿನ ಗ್ರೂಪಿಗೆ ಹಾಕುವುದೂ ಬೇಡ. ನಿಮ್ಮ ಮಗು ಮೂಗು ಸುರಿಸಿಕೊಂಡು ನಿಂತಿರುವ ಫೋಟೊವನ್ನು ಬೇರೆ ದೇಶದವರು ಕಾಣಿಕೆ ಎತ್ತಲು ಬಳಸಿದರೆ ಹೇಗಿರುತ್ತದೆ?

ಮನೆ ನೆನಪು ಬರುವುದಿಲ್ಲವಾ?

ಬರುತ್ತದೆ, ಮೂರನೇ ತಿಂಗಳು ಜೋರು. ಅಲ್ಲಿಗಿಂತ ಇಲ್ಲಿ ಎರಡೂವರೆ ಗಂಟೆ ಮುಂದೆ, ನೀವು ಕೆಲಸ ಮುಗಿಸಿ ಫೋನ್ ಹಿಡಿಯುವ ಹೊತ್ತಿಗೆ ಮನೆಯವರು ಆಕಳಿಸುತ್ತಿರುತ್ತಾರೆ. ಮಧ್ಯಾಹ್ನ ಮಾಡಿ. ದಿನಾ ಮಾಡಬೇಡಿ, ದಿನಾ ಮಾಡಿದರೆ ಮನಸ್ಸು ಇಲ್ಲೇ ಉಳಿಯುತ್ತದೆ.

ಹೊರಡುವಾಗ ಸಾಮಾನು ಏನು ಮಾಡಿದಿರಿ?

ಹಂಚಿದೆವು. ಸೊಳ್ಳೆಪರದೆ, ಪಾತ್ರೆ, ಟಾರ್ಚು ಎಲ್ಲ ಟೀಚರುಗಳಿಗೆ. ಕುಕ್ಕರನ್ನು ಜಾಜಾಗೆ ಕೊಡಲು ಹೋದೆ, ಅವರು ಕೈ ಅಡ್ಡ ಮಾಡಿದರು. ಎರಡು ವರ್ಷ ಗೋಡೆಯಾಚೆಯಿಂದ ಆ ಸೀಟಿ ಕೇಳಿ ಸಾಕಾಗಿದೆ ಅಂದರು. ಮತ್ತೇನು ಬೇಕು ಅಂದರೆ ನೇರ ಅಡುಗೆಮನೆ ಮೂಲೆಗೆ ಹೋಗಿ ತುರಿಮಣೆ ಎತ್ತಿಕೊಂಡರು. ಅಲಗನ್ನು ಒಳಗೆ ಮಡಚಿ, ಮೇಲೆ ಕೂತು, ಆ ಕಡೆ ಈ ಕಡೆ ಅಲ್ಲಾಡಿ ನೋಡಿದರು. ಮಟೋಕೆ ಸುಲಿಯಲು ಎತ್ತರ ಸರಿಯಾಗಿದೆಯಂತೆ.